ಕೂಲಂಟ್ ಕಡಿಮೆಯಾಯಿತೇ? ನೀರು ಹಾಕುವ ಮೊದಲು ಸೋರಿಕೆ ಹುಡುಕಿ

ಪುಣೆ, ಮುಂಬೈಗಳಲ್ಲಿ ನೆಲೆಸಿದ ನಮ್ಮ ಕಡೆಯ ಎಷ್ಟೋ ಮಂದಿಗೆ ಹಬ್ಬಕ್ಕೆ ಊರು ತಲುಪಿಸುವುದು ಹಳೆಯ ಕಾರೇ. ರೈಲಿನ ಟಿಕೆಟ್ ಸಿಗುವುದಿಲ್ಲ, ಬಸ್ ದರ ಕೈಗೆಟುಕುವುದಿಲ್ಲ. ನನ್ನ ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗೆ ಈಗ 13 ವರ್ಷ. ಕಳೆದ ದೀಪಾವಳಿಗೆ ಧಾರವಾಡಕ್ಕೆ ಹೋಗಿ, ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿದ್ದ ಅವ್ವನನ್ನು ಪುಣೆಗೆ ಕರೆತರಬೇಕಿತ್ತು. 400 ಕಿ.ಮೀ.ಗೂ ಹೆಚ್ಚಿನ ದಾರಿ, ನಡುವೆ ಘಾಟ್‌ಗಳು. ಎಂಜಿನ್ ಕಾದು ನಿಂತರೆ ಅವ್ವ ರಸ್ತೆ ಬದಿಯಲ್ಲಿ ನಿಲ್ಲುವ ಸ್ಥಿತಿಯಲ್ಲಿರಲಿಲ್ಲ. ಅದೇ ಹೊತ್ತಿಗೆ ಕೂಲಂಟ್ ಬಾಟಲಿಯ ಮಟ್ಟ ವಾರದಿಂದ ವಾರಕ್ಕೆ ಇಳಿಯತೊಡಗಿತ್ತು.

ಧಾರವಾಡದ ಕಾಕಾ ಫೋನಿನಲ್ಲೇ ಮದ್ದು ಹೇಳಿದರು: ‘ಒಂದ್ ಚಮಚ ಅರಿಷಿಣ ಪುಡಿ ಹಾಕು ತಮ್ಮಾ, ಲೀಕ್ ನಿಂದ್ರತೈತಿ.’ ಲಾರಿ ಚಾಲಕರ ಈ ಹಳೆಯ ಉಪಾಯದಿಂದ ಸಣ್ಣ ತೂತು ಸ್ವಲ್ಪ ಹೊತ್ತು ಮುಚ್ಚಬಹುದು. ಆದರೆ ಅದೇ ಪುಡಿ ರೇಡಿಯೇಟರ್‌ನ ಸಪೂರ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಒಂದು ಗ್ಯಾರೇಜಿನವರು ಬಂಪರ್ ಕೆಳಗಿನ ಹನಿ ನೋಡಿ, ರೇಡಿಯೇಟರನ್ನೇ ಬದಲಿಸಬೇಕೆಂದರು.

ಕೂಲಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಸುತ್ತುವ ದ್ರವ ಅದು. ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ. ಹನಿ ಬಿದ್ದ ಜಾಗವೇ ಸೋರುವ ಜಾಗವಾಗಿರಬೇಕಿಲ್ಲ. ಗಾಳಿಯ ರಭಸಕ್ಕೆ, ಇಳಿಜಾರಿಗೆ ಅದು ಹರಿದು ಬೇರೆಡೆ ತೊಟ್ಟಿಕ್ಕುತ್ತದೆ.

ಆಫೀಸಿನಲ್ಲಿ ಬಗ್ ಹುಡುಕುವಂತೆ ಇಲ್ಲೂ ಲಾಗ್ ಇಟ್ಟೆ. ಬೆಳಗ್ಗೆ ಎಂಜಿನ್ ತಣ್ಣಗಿದ್ದಾಗ ಬಾಟಲಿಯ ಮೇಲೆ ಮಾರ್ಕರ್‌ನಿಂದ ಗೆರೆ, ರಾತ್ರಿ ಕಾರಿನಡಿ ರಟ್ಟು. ಎಸಿಯಿಂದ ಬೀಳುವುದು ಬಣ್ಣವಿಲ್ಲದ ನೀರು. ಕೂಲಂಟ್‌ಗೆ ಬಣ್ಣವಿದೆ, ಬೆರಳಿಗೆ ಜಾರುತ್ತದೆ. ನಾಲ್ಕನೇ ದಿನ ರಟ್ಟಿನ ಮೇಲೆ ಗುಲಾಬಿ ಕಲೆ ಕಂಡಿತು. ರೇಡಿಯೇಟರ್ ಕಡೆಯಲ್ಲ, ಬೆಲ್ಟ್ ಇರುವ ಬದಿಯಲ್ಲಿ. ಟಾರ್ಚ್ ಹಾಕಿ ನೋಡಿದರೆ ವಾಟರ್ ಪಂಪ್ ಕೆಳಗೆ ಒಣಗಿದ ಉಪ್ಪಿನಂಥ ಪದರ.

ಇನ್ನೊಬ್ಬ ಮೆಕ್ಯಾನಿಕ್ ಬಳಿ ಪ್ರೆಶರ್ ಟೆಸ್ಟ್ ಮಾಡಿಸಿದೆ. ತಣ್ಣಗಿನ ಎಂಜಿನ್‌ನ ಕ್ಯಾಪ್ ತೆಗೆದು, ಅಲ್ಲಿಗೆ ಕೈಪಂಪ್ ಜೋಡಿಸಿ, ಕ್ಯಾಪ್ ಮೇಲೆ ಬರೆದಿರುವಷ್ಟು, ಸಾಮಾನ್ಯವಾಗಿ 1 ಬಾರ್ ಆಸುಪಾಸು, ಒತ್ತಡ ಕೊಡುತ್ತಾರೆ. ಮುಳ್ಳು ಇಳಿದರೆ ಸೋರಿಕೆ ಖಚಿತ. ನಮ್ಮ ಮುಳ್ಳು ಇಳಿಯಿತು, ಪಂಪಿನ ವೀಪ್ ಹೋಲ್‌ನಿಂದ ಹನಿ ಬಂತು. ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗ್‌ಗೆ ನುಗ್ಗದೆ ಹೊರಬರಲಿ ಎಂದೇ ಇಟ್ಟ ತೂತು ಅದು. ಅದಕ್ಕೆ ಎಂ-ಸೀಲ್ ಮೆತ್ತುವುದು ರಿಪೇರಿಯಲ್ಲ. ಪಂಪ್ ಬದಲಿಸಿದೆವು, ರೇಡಿಯೇಟರ್ ಉಳಿಯಿತು. ಕೆಲವು ಕಾರುಗಳಲ್ಲಿ ಪಂಪನ್ನು ಟೈಮಿಂಗ್ ಬೆಲ್ಟ್ ತಿರುಗಿಸುತ್ತದೆ. ಅಂಥಲ್ಲಿ ಬೆಲ್ಟನ್ನೂ ಒಟ್ಟಿಗೇ ಬದಲಿಸುವುದು ಜಾಣತನ.

ನಿಮ್ಮ ಕಾರಿನಲ್ಲಿ ಹುಡುಕುವಾಗ ಈ ಜಾಗಗಳನ್ನು ನೋಡಿ:

* ಹೋಸ್‌ಗಳು: ಒತ್ತಿದಾಗ ಮೆತ್ತಗಾಗಿದ್ದರೆ, ತುದಿಯಲ್ಲಿ ಬಿರುಕಿದ್ದರೆ ಬದಲಿಸಿ. ಸಡಿಲ ಕ್ಲಾಂಪ್ ಬೆಳಗಿನ ಚಳಿಯಲ್ಲಷ್ಟೇ ಸೋರುವುದೂ ಉಂಟು.
* ರೇಡಿಯೇಟರ್: ಪ್ಲಾಸ್ಟಿಕ್ ಟ್ಯಾಂಕ್ ಮತ್ತು ಅಲ್ಯೂಮಿನಿಯಂ ಕೂಡುವ ಅಂಚು.
* ಕ್ಯಾಪ್: ಒಳಗಿನ ರಬ್ಬರ್ ಗಟ್ಟಿಯಾಗಿದ್ದರೆ ಒತ್ತಡ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಅಗ್ಗದ ಭಾಗ, ಮೊದಲು ಇದನ್ನೇ ಪರೀಕ್ಷಿಸಿ.
* ಹೀಟರ್ ಕೋರ್: ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಮೇಲೆ ಜಿಡ್ಡು ಮಂಜು, ಮುಂದಿನ ಮ್ಯಾಟ್ ಒದ್ದೆ.
* ಹೆಡ್ ಗ್ಯಾಸ್ಕೆಟ್: ಹೊರಗೆ ಹನಿಯಿಲ್ಲ, ಆದರೂ ಮಟ್ಟ ಇಳಿಯುತ್ತಿದೆ, ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ಆಯಿಲ್ ಹಾಲು ಬೆರೆಸಿದ ಚಹಾದಂತಿದೆ. ಹೀಗಿದ್ದರೆ ಕಾರು ಓಡಿಸಬೇಡಿ.

ಬೋರ್‌ವೆಲ್ ನೀರು ತುಂಬಿಸುತ್ತಾ ಹೋದರೆ ಒಳಗೆ ಗಸಿ ಕಟ್ಟುತ್ತದೆ, ಲೋಹ ತುಕ್ಕು ಹಿಡಿಯುತ್ತದೆ. ಮ್ಯಾನ್ಯುಯಲ್ ಹೇಳಿದ ಕೂಲಂಟನ್ನೇ ಹಾಕಿ. ಬಣ್ಣ ಒಂದೇ ಆದ ಮಾತ್ರಕ್ಕೆ ಜಾತಿ ಒಂದೇ ಅಲ್ಲ. ಕ್ಯಾನ್ ಮೇಲೆ ಪ್ರೀಮಿಕ್ಸ್ ಎಂದಿದ್ದರೆ ನೀರು ಬೆರೆಸಬೇಡಿ. ಗಾಢ ದ್ರವವಾದರೆ ಡಿಸ್ಟಿಲ್ಡ್ ವಾಟರ್ ಜೊತೆ ಸಾಮಾನ್ಯವಾಗಿ ಅರ್ಧಕ್ಕರ್ಧ. ಭರ್ತಿ ಮಾಡಿದ ಮೇಲೆ ಒಳಗಿನ ಗಾಳಿ ಹೊರಹಾಕಿಸುವುದನ್ನು ಮರೆಯಬೇಡಿ. ಚೆಲ್ಲಿದ್ದನ್ನು ಕೂಡಲೇ ತೊಳೆಯಿರಿ: ಕೂಲಂಟ್‌ನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಬೀದಿ ನಾಯಿಗಳು ನೆಕ್ಕಿ ಸಾಯುತ್ತವೆ.

ಸಾತಾರಾಕ್ಕೆ ಮುಂಚಿನ ಖಂಬಾಟ್ಕಿ ಘಾಟ್‌ನಂಥ ಏರಿನಲ್ಲಿ ಮುಳ್ಳು ಕೆಂಪಿನತ್ತ ಹೊರಳಿದರೆ ಎಸಿ ಆರಿಸಿ, ಹೀಟರ್ ಪೂರ್ತಿ ಹಾಕಿ, ಸುರಕ್ಷಿತ ಜಾಗ ಸಿಕ್ಕೊಡನೆ ಎಂಜಿನ್ ನಿಲ್ಲಿಸಿ. ಬಿಸಿಯಿರುವಾಗ ಕ್ಯಾಪ್ ಮುಟ್ಟಲೇಬೇಡಿ. ಇನ್ನೊಂದು ಮಾತು: ಕೂಲಂಟ್ ತೀರಾ ಇಳಿದುಹೋದರೆ ಸೆನ್ಸರ್ ದ್ರವದ ಹೊರಗೆ ಉಳಿದು, ಮುಳ್ಳು ತಪ್ಪಾಗಿ ತಣ್ಣಗಿದೆ ಎಂದೂ ತೋರಿಸಬಹುದು. ಹಾಗಾಗಿ ಡ್ಯಾಶ್‌ಬೋರ್ಡ್ ನಂಬಿ ಕೂರಬೇಡಿ. ಊರಿಗೆ ಹೊರಡುವ ಎರಡು ವಾರ ಮೊದಲೇ ಬಾನೆಟ್ ಎತ್ತಿ, ಬಾಟಲಿಗೆ ಒಂದು ಗೆರೆ ಎಳೆಯಿರಿ. ರಿಪೇರಿಗೆ ಅಷ್ಟಾದರೂ ಸಮಯ ಸಿಗುತ್ತದೆ.