ಆರ್ಡರ್ ಬರೆದುಕೊಳ್ಳುವ ಬಾಟ್ ಎಚ್ಚರವಾಗಿದೆಯೇ?

ನಮ್ಮ ಹೋಟೆಲ್ ಬಂಧುಗಳಲ್ಲಿ ಹಲವರು ಈಗ ಪಾರ್ಸೆಲ್ ಆರ್ಡರುಗಳನ್ನು ವಾಟ್ಸಾಪ್ ಚಾಟ್‌ಬಾಟ್ ಮೂಲಕ ಪಡೆಯುತ್ತಿದ್ದಾರೆ. ವಾಟ್ಸಾಪ್ ಸಂಸ್ಥೆ ದೊಡ್ಡ ವ್ಯಾಪಾರಿಗಳಿಗೆ ಈ ಸೌಕರ್ಯವನ್ನು 2018ರ ಆಗಸ್ಟ್‌ನಲ್ಲಿ ಆರಂಭಿಸಿತು. ಗಿರಾಕಿ 'ಎರಡು ಮಸಾಲೆ ದೋಸೆ' ಎಂದು ಬರೆದರೆ ಸಾಕು, ಬಾಟ್ ದರ ಹೇಳಿ, ವಿಳಾಸ ಕೇಳಿ, ಅಡುಗೆಮನೆಗೆ ಕೆ.ಓ.ಟಿ. ಕಳುಹಿಸುತ್ತದೆ. ಊರಿಗೆ ಹೋಗಲು ರಜೆ ಕೇಳುವುದಿಲ್ಲ.

ಆದರೆ ಮಾಣಿ ಕೆಲಸಕ್ಕೆ ಬಾರದಿದ್ದರೆ ಗಲ್ಲಾದಲ್ಲಿ ಕುಳಿತವರಿಗೆ ತಕ್ಷಣ ತಿಳಿಯುತ್ತದೆ. ಬಾಟ್ ನಿಂತುಹೋದರೆ ತಿಳಿಯುವುದಿಲ್ಲ. ಉತ್ತರ ಬಾರದ ಗಿರಾಕಿ ಸ್ವಲ್ಪ ಹೊತ್ತು ಕಾಯ್ದು ಪಕ್ಕದ ಹೋಟೆಲಿಗೆ ಫೋನ್ ಮಾಡುತ್ತಾನೆ, ದೂರು ಕೊಡುವುದಿಲ್ಲ. ಮಾಲೀಕರಿಗೆ ಕಾಣುವುದು 'ಇವತ್ತು ಪಾರ್ಸೆಲ್ ಕಡಿಮೆ' ಎಂಬುದಷ್ಟೇ.

ಬಾಟಿನ ಮೇಲೆ ಕಣ್ಣಿಡುವ ಪ್ರೋಗ್ರಾಮನ್ನು ಅದನ್ನು ಒದಗಿಸುವವರೇ ಹಾಕಿಕೊಡಬಲ್ಲರು. ಅದು ಏನನ್ನು ನೋಡುತ್ತದೆ ಎಂಬುದೇ ಮುಖ್ಯ. ಸರ್ವರ್ ಚಾಲೂ ಇದೆಯೇ ಎಂದಷ್ಟೇ ನೋಡಿ ಹಸಿರು ದೀಪ ತೋರಿಸುವುದುಂಟು. ಶಟರ್ ತೆರೆದಿದೆ ಎಂದ ಮಾತ್ರಕ್ಕೆ ಒಲೆ ಹೊತ್ತಿದೆ ಎನ್ನಲಾದೀತೇ? ಸರ್ವರ್ ಸರಿಯಿದ್ದೂ ವಾಟ್ಸಾಪ್ ಟೋಕನ್ನಿನ ಅವಧಿ ಮುಗಿದಿದ್ದರೆ ಗಿರಾಕಿಯ ಮಾತು ಬಾಟಿಗೆ ಕೇಳಿಸುತ್ತದೆ, ಉತ್ತರ ಮಾತ್ರ ಹೊರಡುವುದಿಲ್ಲ.

ಗಲ್ಲಾದ ಪಕ್ಕದ ಪರದೆಯಲ್ಲಿ ನಮಗೆ ಬೇಕಾದದ್ದು ಇಷ್ಟು: ಕೊನೆಯ ಸಂದೇಶ ಬಂದ ಸಮಯ, ಕೊನೆಯ ಉತ್ತರ ಗಿರಾಕಿಯ ಫೋನಿಗೆ ತಲುಪಿದ ಸಮಯ, ಉತ್ತರಕ್ಕಾಗಿ ಕಾದಿರುವವರ ಸಂಖ್ಯೆ. ಉತ್ತರ ತಲುಪಿತೆಂಬ ಸೂಚನೆಯನ್ನು ವಾಟ್ಸಾಪೇ ಬಾಟಿಗೆ ಹಿಂದಿರುಗಿಸುತ್ತದೆ, ಆದ್ದರಿಂದ ಇದು ಕಷ್ಟದ ಕೆಲಸವಲ್ಲ. ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಈ ಲೆಕ್ಕ ಏನನ್ನೂ ಹೇಳದು. ಅದಕ್ಕೆ ಬೆಳಗಿನ ತಿಂಡಿಗೆ ಮುಂಚೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಕ್ಯಾಷಿಯರ್ ತಮ್ಮ ಫೋನಿನಿಂದ ಒಂದು ಆರ್ಡರ್ ಹಾಕಿ ನೋಡಲಿ. (ಅದು ಪರೀಕ್ಷೆಯೆಂದು ಭಟ್ಟರಿಗೆ ಮೊದಲೇ ಹೇಳಿರಬೇಕು, ಇಲ್ಲದಿದ್ದರೆ ದಿನವೂ ಎರಡು ದೋಸೆ ಕಾವಲಿಗೆ ಬೀಳುತ್ತದೆ.)

ಕಣ್ಣಿಡುವ ಪ್ರೋಗ್ರಾಮೇ ನಿಂತುಹೋದರೆ? ಪರದೆಯಲ್ಲಿ ಹಳೆಯ ಹಸಿರು ಹಾಗೆಯೇ ಉಳಿಯುತ್ತದೆ. ಇದು ದೀಪವೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಐದು ನಿಮಿಷ ಹೊಸ ಸುದ್ದಿ ಬಾರದಿದ್ದರೆ ಪರದೆ ತಾನಾಗಿಯೇ ಕೆಂಪಾಗುವಂತೆ ಮಾಡಿಸಬೇಕು. ಕಾವಲು ಪ್ರೋಗ್ರಾಮು ಬಾಟ್ ಇರುವ ಸರ್ವರಿನಲ್ಲೇ ಇರಕೂಡದು, ಎಚ್ಚರಿಕೆಯೂ ವಾಟ್ಸಾಪಿನಲ್ಲಿ ಬರಕೂಡದು.

2021ರ ಅಕ್ಟೋಬರ್ 4ರ ರಾತ್ರಿ, ನಮ್ಮಲ್ಲಿ ಊಟದ ಹೊತ್ತಿಗೇ, ಫೇಸ್‌ಬುಕ್ ಜೊತೆ ವಾಟ್ಸಾಪ್ ಕೂಡ ಸುಮಾರು ಆರು ಗಂಟೆ ನಿಂತಿತ್ತು. ದುರಸ್ತಿ ಕೆಲಸದಲ್ಲಿ ಕೊಟ್ಟ ಒಂದು ತಪ್ಪು ಆದೇಶದಿಂದ ಫೇಸ್‌ಬುಕ್ಕಿನ ಇಡೀ ಜಾಲವೇ ಕಡಿದುಹೋಗಿತ್ತು. ಅದನ್ನು ಸರಿಪಡಿಸಲು ಅವರ ಎಂಜಿನಿಯರುಗಳು ಬಳಸುವ ಸಲಕರಣೆಗಳೂ ಅದೇ ಜಾಲದ ಮೇಲಿದ್ದುದರಿಂದ ಅವೂ ಕೈಕೊಟ್ಟವು. ಮರುವರ್ಷ ಅಕ್ಟೋಬರ್ 25ರಂದು ಮಧ್ಯಾಹ್ನ ಮತ್ತೆ ಸುಮಾರು ಎರಡು ಗಂಟೆ ವಾಟ್ಸಾಪ್ ಇರಲಿಲ್ಲ. ಇಂಥ ದಿನ ಬಾಟ್ ಒದಗಿಸಿದವರೂ ಏನೂ ಮಾಡಲಾರರು. ಎಸ್ಸೆಮ್ಮೆಸ್ಸಿನಲ್ಲೋ ಫೋನ್ ಕರೆಯಲ್ಲೋ ನಮಗೆ ಬೇಗ ಸುದ್ದಿ ಮುಟ್ಟಿದರೆ ಹಳೆಯ ಲ್ಯಾಂಡ್‌ಲೈನಿನ ಹತ್ತಿರ ಒಬ್ಬರನ್ನು ಕೂರಿಸಬಹುದು. ನಿತ್ಯ ಆರ್ಡರ್ ಕೊಡುವ ಆಫೀಸುಗಳಿಗೆ ನಾವೇ ಕರೆ ಮಾಡಿ ಕೇಳಬಹುದು.

ಹೊಸದಾಗಿ ಬಾಟ್ ಹಾಕಿಸುವವರು ಒದಗಿಸುವವರನ್ನು ಎದುರಿಗೆ ಕೂರಿಸಿ ಬಾಟನ್ನು ಒಮ್ಮೆ ನಿಲ್ಲಿಸಲು ಹೇಳಿ. ಪರದೆ ಎಷ್ಟು ನಿಮಿಷಕ್ಕೆ ಕೆಂಪಾಗುತ್ತದೆ, ನಿಮ್ಮ ಫೋನ್ ಯಾವಾಗ ಬಾರಿಸುತ್ತದೆ ಎಂದು ಗಡಿಯಾರ ನೋಡಿ. ಬಾಕಿ ಹಣ ಆಮೇಲೆ ಕೊಟ್ಟರಾಯಿತು.