ಕಸಕ್ಕೆ ಎಸೆದವರೊಬ್ಬರೇ ಹೊಣೆಯೇ? ಪುಣೆ ತೋರಿಸಿದ ಸತ್ಯ

ಬಳಸಿ ಎಸೆದ ವಸ್ತುವಿಗೆ ಎಸೆದವರೇ ಹೊಣೆ, ತಯಾರಿಸಿ ಮಾರಿದವರ ಕರ್ತವ್ಯ ಅಂಗಡಿಯ ಬಾಗಿಲಿಗೇ ಮುಗಿಯಿತು ಎಂಬುದು ವಿದ್ಯಾವಂತರಲ್ಲೂ ಬಲವಾಗಿ ಬೇರೂರಿದ ನಂಬಿಕೆ. ನಾಗರಿಕರ ಅಶಿಸ್ತನ್ನು ಅಲ್ಲಗಳೆಯಲಾಗದಿದ್ದರೂ ಈ ನಂಬಿಕೆ ಜನರ ಅನುಭವದಿಂದ ತಾನಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ಅಮೆರಿಕದ ಉದ್ಯಮ ನಾಯಕತ್ವದ ದೀರ್ಘಕಾಲದ ಪ್ರಯತ್ನವಿದೆ.

1953ರಲ್ಲಿ ಅಮೆರಿಕದ ವರ್ಮಾಂಟ್ ರಾಜ್ಯವು ಮರುಬಳಕೆಗೆ ಬಾರದ ಬಿಯರ್ ಬಾಟಲಿಗಳ ಮಾರಾಟವನ್ನು ನಿಷೇಧಿಸಿತು. ಅದೇ ವರ್ಷ ಡಬ್ಬಿ ಮತ್ತು ಬಾಟಲಿ ತಯಾರಕರು ಮುಂದೆ ನಿಂತು 'ಕೀಪ್ ಅಮೆರಿಕ ಬ್ಯೂಟಿಫುಲ್' ಎಂಬ ಸಂಸ್ಥೆಯನ್ನು ಕಟ್ಟಿದರು. ಕಸ ಚೆಲ್ಲುವುದು ವ್ಯಕ್ತಿಯ ದುರಭ್ಯಾಸ, ಅದನ್ನು ತಿದ್ದಿದರೆ ಸಾಕು ಎಂಬ ಸಂದೇಶವನ್ನು ಆ ಸಂಸ್ಥೆ ದಶಕಗಳ ಕಾಲ ಸಾರಿತು. ಆದರೆ 1971ರಲ್ಲಿ ಆರೆಗಾನ್ ರಾಜ್ಯ ಬಾಟಲಿಗೆ ಠೇವಣಿ ಹಣ ಪಡೆದು, ಖಾಲಿ ಬಾಟಲಿ ಮರಳಿಸಿದಾಗ ಆ ಹಣವನ್ನು ಹಿಂದಿರುಗಿಸುವ ಕಾಯ್ದೆ ತಂದಾಗ ಪಾನೀಯ ಮತ್ತು ಪ್ಯಾಕಿಂಗ್ ಉದ್ಯಮಗಳು ಅದನ್ನು ವಿರೋಧಿಸಿದವು. ಜನರಿಗೆ ಶಿಸ್ತಿನ ಪಾಠ ಹೇಳುತ್ತ ತಮ್ಮ ಪಾಲಿನ ವೆಚ್ಚವನ್ನು ನಿರಾಕರಿಸುವ ಈ ನಡೆಯನ್ನು ನಾಯಕತ್ವದ ಲೋಪವೆಂದೇ ಕರೆಯಬೇಕಾಗುತ್ತದೆ. ತಯಾರಕರೇ ಪ್ಯಾಕಿಂಗ್ ಕಸದ ವೆಚ್ಚ ಭರಿಸಬೇಕೆಂಬ ಕಾಯ್ದೆ ಅಮೆರಿಕದ ಒಂದು ರಾಜ್ಯದಲ್ಲಿ, ಮೇಯ್ನ್‌ನಲ್ಲಿ, ಮೊದಲ ಬಾರಿಗೆ ಬಂದದ್ದು 2021ರಲ್ಲಿ.

ಕಸದ ಹೊಣೆ ಯಾರದೆಂಬ ಇದೇ ಪ್ರಶ್ನೆಯನ್ನು ಪುಣೆಯಲ್ಲಿ ಎತ್ತಿದವರು ಕಸ ಆಯುವ ಮಹಿಳೆಯರು. ಅಲ್ಲಿನ ಚಿಂದಿ ಆಯುವವರು 1993ರಲ್ಲಿ 'ಕಾಗದ ಕಾಚ ಪತ್ರಾ ಕಷ್ಟಕರಿ ಪಂಚಾಯತ್' ಎಂಬ ಸಂಘವನ್ನು ಕಟ್ಟಿಕೊಂಡರು. ಕಾಗದ, ಗಾಜು, ತಗಡು ಎಂಬ ಅವರ ದುಡಿಮೆಯ ಮೂರು ವಸ್ತುಗಳೇ ಆ ಮರಾಠಿ ಹೆಸರಿನಲ್ಲಿವೆ. ಈ ಸಂಘದಿಂದ ಮೂಡಿದ 'ಸ್ವಚ್ಛ' ಸಹಕಾರ ಸಂಸ್ಥೆ 2008ರಲ್ಲಿ ಪುಣೆ ಮಹಾನಗರ ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಮನೆಯಿಂದ ಕಸ ಸಂಗ್ರಹಿಸತೊಡಗಿತು. ಇವರು ಪಾಲಿಕೆಯ ಸಂಬಳದ ನೌಕರರೆಂಬುದು ಮತ್ತೊಂದು ತಪ್ಪು ಕಲ್ಪನೆ. ಮನೆಗಳು ತಿಂಗಳಿಗೊಮ್ಮೆ ಕೊಡುವ ಶುಲ್ಕ ಮತ್ತು ಆಯ್ದ ವಸ್ತುಗಳನ್ನು ಗುಜರಿಗೆ ಮಾರಿ ಬರುವ ಹಣ, ಇವೆರಡೇ ಅವರ ಮುಖ್ಯ ಆದಾಯ. ಆದ್ದರಿಂದ ಮಾರಲು ಬಾರದ, ಮುಟ್ಟಿದರೆ ಕಾಯಿಲೆ ತರುವ ಕಸ ಅವರಿಗೆ ಸಂಪೂರ್ಣ ನಷ್ಟ.

ಅಂಥ ಕಸದಲ್ಲಿ ಮುಖ್ಯವಾದವು ಬಳಸಿದ ಸ್ಯಾನಿಟರಿ ಪ್ಯಾಡ್ ಮತ್ತು ಮಕ್ಕಳ ಡೈಪರ್. ಇವು ಹತ್ತಿಯವು, ಮಣ್ಣಿನಲ್ಲಿ ಕರಗುತ್ತವೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಸಾಮಾನ್ಯ ಪ್ಯಾಡಿನ ಹೊರಪದರ ಪ್ಲಾಸ್ಟಿಕ್‌ನದು, ಒಳಗೆ ದ್ರವವನ್ನು ಹೀರಿ ಉಬ್ಬುವ ಕೃತಕ ರಾಸಾಯನಿಕವೂ ಇರುತ್ತದೆ. ಸುತ್ತದೆ ಎಸೆದ ಪ್ಯಾಡುಗಳನ್ನು ಬರಿಗೈಯಿಂದ ಬೇರ್ಪಡಿಸಬೇಕಾಗಿ ಬಂದ ಈ ಮಹಿಳೆಯರು 2013ರಲ್ಲಿ ಮಹಿಳಾ ದಿನದ ಸಂದರ್ಭದಲ್ಲಿ ಅವನ್ನು ಚೀಲಗಳಲ್ಲಿ ತುಂಬಿ ತಯಾರಕ ಕಂಪನಿಗಳಿಗೇ ಮರಳಿ ಕಳುಹಿಸಿದರು. ಆಗ ಮಾರುಕಟ್ಟೆಯಲ್ಲಿದ್ದ ದೊಡ್ಡ ಹೆಸರುಗಳಾದ ವಿಸ್ಪರ್ ಮತ್ತು ಸ್ಟೇಫ್ರೀ ಎರಡೂ ಅಮೆರಿಕನ್ ಕಂಪನಿಗಳವು. ಮಹಿಳೆಯರ ಬೇಡಿಕೆ ತೀರ ಚಿಕ್ಕದಾಗಿತ್ತು: ಪ್ರತಿ ಪ್ಯಾಡಿನೊಡನೆ ಅದನ್ನು ಸುತ್ತಿ ಎಸೆಯಲು ಒಂದು ಹೊದಿಕೆ ಕೊಡಬೇಕು ಮತ್ತು ವಿಲೇವಾರಿಯ ವೆಚ್ಚದಲ್ಲಿ ಪಾಲು ಹೊರಬೇಕು. ತಯಾರಿಸಿದವರೇ ವಸ್ತುವಿನ ಕೊನೆಯ ಹಂತದವರೆಗೂ ಹೊಣೆ ಹೊರುವ ಈ ತತ್ತ್ವಕ್ಕೆ ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಎಂದು ಹೆಸರು.

ಕಾನೂನು ಬಂದಮೇಲೆ ಈ ಸಮಸ್ಯೆ ತೀರಿತೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ 17ನೆಯ ನಿಯಮವು ಪ್ಯಾಡ್ ಮತ್ತು ಡೈಪರ್ ತಯಾರಕರನ್ನು ಹೆಸರಿಸಿಯೇ ಕರ್ತವ್ಯ ವಿಧಿಸಿತು; ಆದರೆ ಮರುಬಳಕೆಯಾಗುವ ವಸ್ತುಗಳ ಸಾಧ್ಯತೆಯನ್ನು ಪರಿಶೀಲಿಸಬೇಕು 'ಅಥವಾ' ಹೊದಿಕೆ ಒದಗಿಸಬೇಕು ಎಂಬ ಅದರ ಒಕ್ಕಣೆಯಲ್ಲಿನ ಆ ಒಂದು 'ಅಥವಾ'ದಿಂದ, ಕೇವಲ ಪರಿಶೀಲಿಸುತ್ತಿದ್ದೇವೆಂದು ಹೇಳಿ ಜಾರಿಕೊಳ್ಳಲು ಕಂಪನಿಗಳಿಗೆ ದಾರಿಯಾಯಿತು.

ಲಾಭದ ಶೇಕಡ 2ರಷ್ಟನ್ನು ಸಮಾಜಕಾರ್ಯಕ್ಕೆ ಕೊಟ್ಟರೆ ಕಂಪನಿಯ ಋಣ ತೀರಿತೆಂಬ ಮಾತು ಇನ್ನೂ ಹೆಚ್ಚು ತಪ್ಪುದಾರಿಗೆಳೆಯುವಂಥದು. ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಿಂದ ಆ ಹಣ ವೆಚ್ಚ ಮಾಡಬೇಕೆಂದು 2013ರ ಕಂಪನಿ ಕಾಯ್ದೆಯ 135ನೆಯ ಕಲಂ ಹೇಳುವುದು ನಿಜ. ಆದರೆ ಅದೇ ಕಾಯ್ದೆಯ 166ನೆಯ ಕಲಂ ಷೇರುದಾರರ ಜೊತೆಗೆ ನೌಕರರ, ಸಮುದಾಯದ ಮತ್ತು ಪರಿಸರದ ಹಿತವನ್ನೂ ನಿರ್ದೇಶಕರ ಕರ್ತವ್ಯದಲ್ಲಿ ಸೇರಿಸಿದೆ. ಕಂಪನಿಯ ಸಾಮಾಜಿಕ ಹೊಣೆ ಲಾಭ ಹೆಚ್ಚಿಸುವುದಷ್ಟೇ ಎಂದು ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ 1970ರಲ್ಲಿ ಮಂಡಿಸಿದ, ಅಮೆರಿಕದ ಆಡಳಿತ ಮಂಡಳಿಗಳು ಬಹುಕಾಲ ಆಧಾರವಾಗಿಸಿಕೊಂಡ ವಾದಕ್ಕೆ ಭಾರತದ ಕಾನೂನಿನಲ್ಲಿ ನೆಲೆಯಿಲ್ಲ.

ಕಂಪನಿಗಳ ತಪ್ಪು ನಾಗರಿಕರ ಪಾಲನ್ನು ಕಡಿಮೆ ಮಾಡುವುದಿಲ್ಲ. ಶುಲ್ಕ ಕೊಟ್ಟಿದ್ದೇವೆ, ಬೇರ್ಪಡಿಸುವುದು ಅವರ ಕೆಲಸ ಎನ್ನುವ ಮನೆಗಳು ಪುಣೆಯಲ್ಲೂ ಇವೆ, ಬೆಂಗಳೂರಿನಲ್ಲೂ ಇವೆ. ಈ ನಗರಗಳ ಕಸ ಹೊತ್ತ, ಪುಣೆ ಬಳಿಯ ಉರುಳಿ ದೇವಾಚಿ ಮತ್ತು ಬೆಂಗಳೂರು ಬಳಿಯ ಮಂಡೂರಿನ ಗ್ರಾಮಸ್ಥರು ಲಾರಿಗಳನ್ನು ತಡೆದು ಪ್ರತಿಭಟಿಸಬೇಕಾಯಿತು. ಆದ್ದರಿಂದ ಓದುಗರು ಬಳಸಿದ ಪ್ಯಾಡನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಮುಂದಿನ ಪೊಟ್ಟಣ ಕೊಳ್ಳುವಾಗ ಅದರೊಳಗೆ ಹೊದಿಕೆ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಪೊಟ್ಟಣದ ಮೇಲಿರುವ ಗ್ರಾಹಕ ದೂರವಾಣಿಗೆ ಕರೆ ಮಾಡಿ ಕೇಳಬೇಕು.