ನಿಮಗಿದು ಗೊತ್ತೆ? ಕಲ್ಯಾಣದ ವರ್ಷ, ಕಂಪ್ಯೂಟರಿನ ಸೆಕೆಂಡು

ಇಂದಿನ ಬಸವಕಲ್ಯಾಣವೇ ಅಂದಿನ ಚಾಲುಕ್ಯರ ರಾಜಧಾನಿ ಕಲ್ಯಾಣ. 1076ರಲ್ಲಿ ಪಟ್ಟಕ್ಕೆ ಬಂದ ಆರನೆಯ ವಿಕ್ರಮಾದಿತ್ಯ ಶಕವರ್ಷವನ್ನು ಬದಿಗಿಟ್ಟು, ತನ್ನದೇ ಚಾಲುಕ್ಯ ವಿಕ್ರಮ ವರ್ಷವನ್ನು ಆರಂಭಿಸಿದ. ಶಾಸನದಲ್ಲಿ ಆ ವರ್ಷದ ಸಂಖ್ಯೆ 37 ಎಂದಿದ್ದರೆ 1075 ಕೂಡಿಸಬೇಕು: ಕ್ರಿ.ಶ. 1112-13. ಅದನ್ನೇ ಶಕವರ್ಷವೆಂದು ಓದಿದರೆ ಹೆಚ್ಚುಕಡಿಮೆ ಸಾವಿರ ವರ್ಷದ ತಪ್ಪು!

ಲಿನಕ್ಸ್ ಕಂಪ್ಯೂಟರುಗಳಿಗೂ ಇಂಥದೊಂದು ಆರಂಭದ ಗಳಿಗೆಯಿದೆ. 1970ರ ಜನವರಿ 1, ಭಾರತದಲ್ಲಿ ಬೆಳಗಿನ 5.30. ಅಲ್ಲಿಂದ ಸೆಕೆಂಡುಗಳ ಎಣಿಕೆ. ಆರಂಭ ಎಲ್ಲ ಪ್ರೊಸೆಸರುಗಳಿಗೂ ಒಂದೇ. ಗಂಟೆ ಎಷ್ಟೆಂದು ಲಿನಕ್ಸ್‌ನ ತಿರುಳಾದ ಕರ್ನಲ್ಲನ್ನು ಕೇಳುವ ಬಗೆ ಮಾತ್ರ ಬೇರೆ ಬೇರೆ. ಇಂಟೆಲ್ ಬಗೆಯ 64 ಬಿಟ್ ಚಿಪ್‌ನಲ್ಲಿ ಸಮಯ ಕೇಳುವ ಒಂದು ಕರೆಯ ಸಂಖ್ಯೆ 201. ಮೊಬೈಲುಗಳಲ್ಲಿರುವ 64 ಬಿಟ್ ಆರ್ಮ್ ಚಿಪ್‌ನಲ್ಲಿ ಆ ಕರೆಯೇ ಇಲ್ಲ! ಅಲ್ಲಿ 201 ಎಂದರೆ ನೆಟ್‌ವರ್ಕ್ ಸಂಪರ್ಕಕ್ಕೆ ಕಿವಿಗೊಟ್ಟು ಕಾಯುವ ಆದೇಶ. ಆದ್ದರಿಂದ ಪ್ರೋಗ್ರಾಮಿನಲ್ಲಿ ನೇರವಾಗಿ ಸಂಖ್ಯೆ ಬರೆಯುವುದು ಅಪಾಯ. ಸಿ ಲೈಬ್ರರಿಯ 'ಕ್ಲಾಕ್ ಗೆಟ್‌ಟೈಮ್' ಬಳಸಿದರೆ, ಆಯಾ ಚಿಪ್‌ಗೆ ತಕ್ಕ ಕರೆಯನ್ನು ಲೈಬ್ರರಿಯೇ ಹುಡುಕಿಕೊಳ್ಳುತ್ತದೆ.

ಎಣಿಕೆ ಹಿಡಿಸುವ ಜಾಗವೂ ಮುಖ್ಯ. 32 ಬಿಟ್‌ನಲ್ಲಿ ಋಣಸಂಖ್ಯೆಗಳಿಗೂ ಜಾಗ ಬಿಟ್ಟರೆ 2,14,74,83,647 ಸೆಕೆಂಡುಗಳವರೆಗೆ ಮಾತ್ರ ಎಣಿಸಬಹುದು. ಅದು ತುಂಬುವುದು 2038ರ ಜನವರಿ 19ರಂದು, ನಮ್ಮ ಗಡಿಯಾರದಲ್ಲಿ ಬೆಳಗ್ಗೆ 8:44:07ಕ್ಕೆ. ಮರುಸೆಕೆಂಡಿಗೆ ದಿನಾಂಕ 1901ಕ್ಕೆ ಜಾರುತ್ತದೆ. 2020ರ ಲಿನಕ್ಸ್ 5.6 ಕರ್ನಲ್, 32 ಬಿಟ್ ಯಂತ್ರಗಳಿಗೂ 64 ಬಿಟ್ ಸಮಯ ಒದಗಿಸಿತು. ಹಳೆಯ ಪ್ರೋಗ್ರಾಮುಗಳನ್ನು ಮಾತ್ರ ಹೊಸದಾಗಿ ಕಂಪೈಲ್ ಮಾಡಲೇಬೇಕು.